ಆರ್ವಿಲ್ ಅಜ್ಜನ ಮೀನಖಂಡ

ಮಾರೆನ್ ಟಾಲೆಫ್ಸನ್ ಡಾಕ್ಟರ್ ಆಗುವ ಎಷ್ಟೋ ಮೊದಲೇ ಊರು ಅವಳನ್ನು ಡಾಕ್ಟರಮ್ಮ ಎಂದು ಕರೆಯತೊಡಗಿತ್ತು. ಆಗಿನ್ನೂ ಡಿಗ್ರಿಯ ಮೂರನೇ ವರ್ಷ. ಮೆಡಿಕಲ್‌ನ ಪ್ರವೇಶ ಪರೀಕ್ಷೆ, ಅರ್ಜಿ, ಸಂದರ್ಶನ ಎಲ್ಲ ಬಾಕಿ. ಆದರೆ ಉತ್ತರ ಮಿನ್ನೆಸೋಟಾದ ನಮ್ಮೂರಿನಿಂದ ಆಸ್ಪತ್ರೆ ದೂರ, ಹಿಮ ಬಿದ್ದರೆ ಇನ್ನೂ ದೂರ. ರಜೆಗೆ ಮನೆಗೆ ಬರುವ ಹುಡುಗಿಯಾದರೆ ಕೈಗೆ ಸಿಗುತ್ತಾಳೆ.

ನಾನು ಕಾಲೇಜಿನಲ್ಲಿ ಅವಳ ರೂಮ್‌ಮೇಟ್, ಅದೇ ಊರಿನವಳು. ಅವಳು ಗೋಡೆಗೆ ಅಂಟಿಸಿದ್ದ ಸ್ನಾಯುಗಳ ಚಿತ್ರ ನೋಡುತ್ತಲೇ ನನಗೂ ನಿದ್ದೆ ಬರುತ್ತಿತ್ತು. ರಸಾಯನಶಾಸ್ತ್ರದಲ್ಲಿ ಅಂಕ ಕಡಿಮೆ ಬಂದರೆ ಅವಳು ಊಟ ಬಿಡುತ್ತಿದ್ದಳು. ಗೊತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

ನವೆಂಬರಿನ ರಜೆಗೆ ಬಂದಾಗ ಚರ್ಚಿನ ನೆಲಮಾಳಿಗೆಯಲ್ಲಿ ಊರವರ ಊಟ. ಕಾಫಿಯ ಹಬೆಗೆ ಕಿಟಕಿಗಳೆಲ್ಲ ಮಂಜಾಗಿದ್ದವು. ಅವಳ ಪಕ್ಕದ ಮನೆಯ ಮುದುಕ ಆರ್ವಿಲ್ ಸ್ಕಾರ್ ಪ್ಯಾಂಟನ್ನು ಮೇಲೆ ಸರಿಸಿ ಕಾಲನ್ನು ಕುರ್ಚಿಯ ಮೇಲಿಟ್ಟರು.

"ಡಾಕ್ಟರಮ್ಮ, ಫೀಸಿಗೆ ಒಂದು ತುಂಡು ಸೇಬಿನ ಪೈ ಕೊಡ್ತೀನಿ. ಈ ಕಾಲು ನೋಡು."

ಮಾರೆನ್ ಮೀನಖಂಡ ಒತ್ತಿದಳು. ಊದಿತ್ತು, ಬಿಸಿಯಾಗಿತ್ತು. ಅದೇ ವಾರ ಓದಿದ ಸ್ನಾಯುವಿನ ಉದ್ದನೆಯ ಹೆಸರನ್ನು ಸರಾಗವಾಗಿ ಹೇಳಿದಳು.

"ಅದು ಎಳೆದುಕೊಂಡಿದೆ ಅಜ್ಜ, ಅಷ್ಟೇ. ಬಿಸಿ ಬಟ್ಟೆ ಇಡಿ, ಚೆನ್ನಾಗಿ ಉಜ್ಜಿ."

"ಹೆಸರು ಕೇಳಿಯೇ ಅರ್ಧ ನೋವು ಓಡ್ಹೋಯ್ತು ನೋಡು!" ಎಂದರು ಆರ್ವಿಲ್. ಮೇಜಿನ ಸುತ್ತ ಎಲ್ಲರೂ ನಕ್ಕರು. ಅವಳ ತಾಯಿ ಇಂಗಾ ಕಾಫಿ ಬಗ್ಗಿಸುತ್ತ ಕೆಂಪಾದರು, ಹೆಮ್ಮೆಯಿಂದ.

ಹಿಂದಿನ ವಾರವಷ್ಟೇ, ದೂರದ ಅರಿಜೋನಾದಲ್ಲಿರುವ ಮಗಳ ಮನೆಯಿಂದ ಆ ಮುದುಕ ಮೂರು ದಿನ ಕಾಲು ಚಾಚದೆ ಒಬ್ಬರೇ ಕಾರು ಓಡಿಸಿಕೊಂಡು ಬಂದಿದ್ದರು. ಮಾರೆನ್ ಏನನ್ನೂ ಕೇಳಿರಲಿಲ್ಲ.

ಕೆಲವೇ ದಿನಗಳಲ್ಲಿ ಅವರು ಅಂಗಳದ ಹಿಮ ಎತ್ತುತ್ತಾ ಕುಸಿದರು. ಅಷ್ಟು ದೂರ ಕೂತೇ ಬಂದು ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು. ತಾಯಿ ಫೋನಿನಲ್ಲಿ ಹೇಳುವಾಗ ಮಾರೆನ್ ಹಾಸ್ಟೆಲಿನಲ್ಲಿ ನನ್ನ ಹಾಸಿಗೆಯ ಮೇಲೆ ಕೂತಿದ್ದಳು. ಮಾತು ನನಗೂ ಕೇಳುತ್ತಿತ್ತು.

"ನಾನು ಉಜ್ಜಿ ಅಂದೆ ಅಮ್ಮ. ಉಜ್ಜಬಾರದಿತ್ತು."

"ಬಾಯಿ ಮುಚ್ಕೋ. ಯಾರಿಗೂ ನೆನಪಿಲ್ಲ. ನಾಳೆ ಮೆಡಿಕಲ್ ಅರ್ಜಿಗೆ ನಿನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಬರ್ಕೊಡೋರು ಇದೇ ಪಾದ್ರಿ, ಇದೇ ಜನ."

ಅವಳು ಗೋಡೆಯ ಚಿತ್ರ ಬಿಚ್ಚಿ ಸುತ್ತಿಟ್ಟಳು. ಪುಸ್ತಕ ತೆರೆಯಲಿಲ್ಲ. ಶನಿವಾರ ನನ್ನ ಕಾರಿನಲ್ಲೇ ಅವರನ್ನು ಸೇರಿಸಿದ್ದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಹೊಲಗಳ ಮೇಲೆ ಬಿಳಿ ಬಿಟ್ಟು ಬೇರೇನೂ ಇರಲಿಲ್ಲ.

ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ಆರ್ವಿಲ್ ನರ್ಸಿಗೆ, "ನೋಡಮ್ಮ, ನಮ್ಮೂರ ಡಾಕ್ಟರು ಬಂದ್ರು" ಎಂದರು.

ನರ್ಸ್ ಹೊರಗೆ ಹೋಗುವವರೆಗೂ ಮಾರೆನ್ ಕಾಯಲಿಲ್ಲ. "ನನಗೆ ಗೊತ್ತಿರಲಿಲ್ಲ ಅಜ್ಜ. ಗೊತ್ತಿದ್ದವಳ ಹಾಗೆ ಹೇಳಿಬಿಟ್ಟೆ. ನಿಮ್ಮ ಪ್ರಾಣ ಹೋಗ್ತಿತ್ತು."

ಮುದುಕ ಚಾವಣಿ ನೋಡಿದರು.

"ನಿನಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು ಕಣೇ. ಇಲ್ಲಿಗೆ ಬಂದ್ರೆ ಹಿಡ್ಕೊಂಡು ಮಲಗಿಸ್ತಾರೆ ಅಂತ ಹೆದರಿಕೆ. ಏನಿಲ್ಲ ಅನ್ನೋರು ಒಬ್ರು ಬೇಕಾಗಿತ್ತು. ನೀನು ಅಂದೆ."

ಅದು ಸಮಾಧಾನಕ್ಕೆ ಹೇಳಿದ ಮಾತೇ ಇರಬೇಕು. ಆದರೆ ಮಾರೆನ್ ಮುಖ ಇನ್ನೂ ಬಿಳುಚಿತು. ವಾಪಸು ಬರುವಾಗ ಒಂದೇ ಮಾತು ಆಡಿದಳು: "ಇನ್ನೂ ಎಷ್ಟು ಜನ ಅದಕ್ಕೇ ನನ್ನನ್ನ ಕೇಳಿದ್ರೋ."

ಕ್ರಿಸ್‌ಮಸ್ಸಿಗೆ ಮುಂಚಿನ ಊಟದಲ್ಲಿ ಪಾದ್ರಿಯ ಹೆಂಡತಿ ಸಾಲ್ವೇಗ್ ಅಂಗೈ ಚಾಚಿದರು. "ಬೆಳಗ್ಗೆಯಿಂದ ಈ ಕೈ ಜುಮ್ ಅಂತಿದೆ. ಏನಿಲ್ಲ ತಾನೇ, ಡಾಕ್ಟರಮ್ಮ?"

ಮಾರೆನ್ ಆ ಕೈಯನ್ನು ಮುಟ್ಟಲಿಲ್ಲ. "ನನಗೆ ಗೊತ್ತಿಲ್ಲ."

ಇಂಗಾ ಕಾಫಿ ಪಾತ್ರೆ ಹಿಡಿದು ಅಲ್ಲೇ ನಿಂತರು.

"ಇಷ್ಟು ಓದಿ ಇಷ್ಟೂ ಗೊತ್ತಿಲ್ವೇನೆ?" ಸಾಲ್ವೇಗ್ ನಕ್ಕರು. ಬೇರೆ ಯಾರೂ ನಗಲಿಲ್ಲ.

"ಇಲ್ಲ. ಗೊತ್ತಿರೋರ ಹತ್ರ ಹೋಗೋಣ, ಈಗಲೇ. ನಾನು ಕರ್ಕೊಂಡು ಹೋಗ್ತೀನಿ."

"ಈಗಲಾ? ಪೈ ಯಾರು ಕತ್ತರಿಸ್ತಾರೆ?"

"ಬೇರೆಯವರು ಕತ್ತರಿಸ್ತಾರೆ."

ಸಾಲ್ವೇಗ್ ಮುಖ ಬಿಗಿದುಕೊಂಡು ಅಡುಗೆಮನೆಯ ಕಡೆ ತಿರುಗಿದರು. ಮಾರೆನ್ ಅವರ ಕೋಟು ಹುಡುಕಿ ತಂದು, ತೊಡಿಸಲು ಅದರ ಎರಡೂ ತೋಳು ಬಿಡಿಸಿ ಹಿಡಿದು, ಬಾಗಿಲ ಬಳಿ ನಿಂತೇ ಇದ್ದಳು.