ಏನೂ ಇರಲಿಲ್ಲ ಎಂಬ ಸಾಲು

ನೆನೆಸಿದ ಅವರೆಕಾಳನ್ನು ಹಿತಕುವುದಕ್ಕೆ ಎರಡು ಬೆರಳು ಸಾಕು; ಕಣ್ಣೂ ಬೇಡ, ಬುದ್ಧಿಯೂ ಬೇಡ. ಕಾಳಿನ ಬೆನ್ನನ್ನು ಮೆಲ್ಲಗೆ ಒತ್ತಿದರೆ ಬೇಳೆ ಜಾರಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆ ಹಾಕಲೆಂದು ಪಕ್ಕದಲ್ಲೊಂದು ಕಾಗದ ಹಾಸಿಕೊಳ್ಳುತ್ತೇವೆ; ಸಾಮಾನ್ಯವಾಗಿ ಅದು ಹಿಂದಿನ ದಿನದ ಪತ್ರಿಕೆ. ಮೂವತ್ತೈದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿ ತಿದ್ದಿದವಳು ನಾನು. ಅಚ್ಚಾದದ್ದರ ಕೊನೆಯ ಗತಿ ಅವರೆಸಿಪ್ಪೆ ಎಂಬುದು ನನಗೆ ಎಂದೂ ಅವಮಾನ ಅನ್ನಿಸಿಲ್ಲ. ಯಾವುದಕ್ಕೂ ಬಾರದ ಕಾಗದಕ್ಕಿಂತ ಅದು ಮೇಲು.

ಈ ಜನವರಿಯಲ್ಲಿ ಹಾಸಿಕೊಂಡಿದ್ದ ಕಾಗದ ಮಾತ್ರ ಹಳೆಯ ಪತ್ರಿಕೆಯಲ್ಲ, ಇನ್ನೂ ಅಚ್ಚಾಗಬೇಕಿದ್ದ ಒಂದು ಪುಸ್ತಿಕೆಯ ಕರಡು. ಬಿಳೇಕಹಳ್ಳಿಗೂ ಅರೆಕೆರೆಗೂ ನಡುವೆ, ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕಿರುವ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಗಣರಾಜ್ಯೋತ್ಸವಕ್ಕೊಂದು ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನಿಸಿತ್ತು. ಇಷ್ಟು ವರ್ಷ ಬಣ್ಣದ ಡಬ್ಬಿಗೆ ಸಿಮೆಂಟು ತುಂಬಿ ನಿಲ್ಲಿಸಿದ ಪೈಪಿನ ಮೇಲೆ ಹಾರುತ್ತಿದ್ದ ಬಾವುಟಕ್ಕೆ ಈ ಸಲ ಪಾರ್ಕಿನಲ್ಲಿ ಕಾಯಂ ಕಟ್ಟೆ. ಆ ಸಂಭ್ರಮಕ್ಕೆ ಈ ಸಂಚಿಕೆ. ಪತ್ರಿಕೆಯಲ್ಲಿದ್ದವಳೆಂಬ ಕಾರಣಕ್ಕೆ ನಾನೇ ಸಂಪಾದಕಿ. ಮೊದಲ ಪುಟ ದೇಶದ ಚರಿತ್ರೆಗೆ. ಅದನ್ನೂ ನಾನೇ ಬರೆಯಬೇಕು, ನಾನೂರು ಪದ ಮೀರಬಾರದು. ಎರಡನೆಯ ಪುಟ ಬಡಾವಣೆಯ ಚರಿತ್ರೆಗೆ. ಬರೆದವರು ಸಂಘದ ಕಾರ್ಯದರ್ಶಿ, ನಿವೃತ್ತ ಎಂಜಿನಿಯರ್ ಶ್ರೀಧರಮೂರ್ತಿ. ಮೂರನೆಯದರಲ್ಲಿ ಕಟ್ಟೆಯ ನಕ್ಷೆ.

ಐದು ಸಾವಿರ ವರ್ಷಕ್ಕೆ ನಾನೂರು ಪದವೆಂದರೆ ಪದವೊಂದಕ್ಕೆ ಹನ್ನೆರಡೂವರೆ ವರ್ಷ. ಎರಡು ಸಲ 'ಮತ್ತು' ಎಂದರೆ ಒಬ್ಬ ರಾಜನ ಆಳ್ವಿಕೆ ಹೋಯಿತು. ಆದರೂ ಡೆಸ್ಕಿನವರಿಗೆ ಇದೇನೂ ಹೊಸ ಕಷ್ಟವಲ್ಲ. ನಾನು ಬರೆದೆ: ನದಿಗಳ ದಂಡೆಗೆ ಜನ ಬಂದು ನೆಲೆಸಿದರು, ರಾಜ್ಯಗಳು ಎದ್ದವು, ಬಿದ್ದವು, ವ್ಯಾಪಾರಕ್ಕೆಂದು ಬಂದ ಕಂಪನಿ ತಕ್ಕಡಿಯನ್ನು ಕೆಳಗಿಟ್ಟು ಆಳಲು ಕೂತಿತು, ಜನ ಎದ್ದು ನಿಂತರು, ದೇಶ ಸ್ವತಂತ್ರವಾಯಿತು, ತನ್ನ ಸಂವಿಧಾನವನ್ನು ತಾನೇ ಬರೆದುಕೊಂಡು ಗಣರಾಜ್ಯವಾಯಿತು. ಎಣಿಸಿದರೆ ಮುನ್ನೂರ ತೊಂಬತ್ತೆಂಟು ಪದ. ಕೆಲಸ ಮುಗಿದ ತೃಪ್ತಿಯಲ್ಲಿ ಶ್ರೀಧರಮೂರ್ತಿಯವರ ಪುಟದ ಕಾಗುಣಿತ ತಿದ್ದಿದೆ, ಅವರು ಧಾರಾಳವಾಗಿ ಹಾಕಿದ್ದ ಉದ್ಗಾರ ಚಿಹ್ನೆಗಳನ್ನು ಕಿತ್ತೆ, ಮುಂದಕ್ಕೆ ಬಿಟ್ಟೆ. ಅವರ ಮೊದಲ ಸಾಲು ಹೀಗಿತ್ತು: "ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ." ಕಾಗುಣಿತದಲ್ಲಿ ತಪ್ಪಿರಲಿಲ್ಲ. ಹಾಗಾಗಿ ನನ್ನ ಕೆಂಪು ಪೆನ್ನು ಅದರ ಮೇಲೆ ನಿಲ್ಲಲಿಲ್ಲ.

ಅಂದು ಮಧ್ಯಾಹ್ನ ನನ್ನ ಜೊತೆ ಅವರೆ ಹಿತಕುತ್ತಿದ್ದವರು ಗೌರಮ್ಮ. ಪಾರ್ಕಿನ ಆಚೆ ಗೋಡೆಯಿಂದ ಶುರುವಾಗುವ ಹಳೆಯ ಹಳ್ಳಿಯವರು. ನಮ್ಮ ಮನೆಗಳಿರುವ ನೆಲದಲ್ಲಿ ಅವರ ಮನೆತನ ರಾಗಿ, ಅವರೆ ಬೆಳೆಯುತ್ತಿತ್ತು. ಈಗ ಅವರದು ಮೂರಂತಸ್ತಿನ ಕಟ್ಟಡ, ಕೆಳಗೆ ತಾವು, ಮೇಲೆ ಬಾಡಿಗೆಯವರು. ಅವರಿಗೆ ಓದಲು ಬಾರದು, ಆದರೆ ಓದಿಸಿ ಕೇಳುವ ಹುಚ್ಚು ಬಹಳ. ಅವರೆಕಾಳಿನ ಸೊಗಡಿನ ಬಗ್ಗೆ ಅವರ ಮಾತೇ ಕೊನೆಯ ಮಾತು, ಹಾಗೆಯೇ ನನ್ನ ಹಿತಕುವ ವೇಗದ ಬಗ್ಗೆಯೂ.

"ಈ ಸ್ಪೀಡಲ್ಲಿ ಹಿತಕಿದ್ರೆ ಮುಂದಿನ್ ವರ್ಷದ ಸಂಕ್ರಾಂತಿಗೆ ಸಾರು ರೆಡಿ ಆಗ್ತದೆ, ಮೇಡಮ್ಮ. ಅದೇನೋ ಬರ್ದಿದೀರಲ್ಲ, ಓದಿ."

ದೇಶದ ಪುಟ ಓದಿದೆ. ಅವರು ಗಮನವಿಟ್ಟು ಕೇಳಿದರು.

"ಎಲ್ಲಾ ಬಂದೋರ ಕತೇನೇ ಆಯ್ತು," ಎಂದರು. "ಅವ್ರು ಬಂದ್ರು, ಇವ್ರು ಬಂದ್ರು. ಇದ್ದೋರು ಎಲ್ಲೋಗಿದ್ರು? ಊಟಕ್ಕಾ?"

ನಕ್ಕೆವು. ನಗುತ್ತಲೇ ಎರಡನೆಯ ಪುಟದ ಮೊದಲ ಸಾಲು ಓದಿದೆ. ಗೌರಮ್ಮನ ಬೆರಳು ನಿಂತಿತು. ಅರ್ಧ ಜಾರಿದ ಬೇಳೆಯೊಂದು ಸಿಪ್ಪೆಯ ಬಾಯಲ್ಲೇ ಉಳಿಯಿತು.

"ಏನೂ ಇರ್ಲಿಲ್ವಾ? ನಾವಿದ್ವಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ವಿಳಾಸ ತಪ್ಪಾಗಿ ಬರೆದವರನ್ನು ತಿದ್ದುವಂಥ ದನಿ. ಆಮೇಲೆ ಮೂರನೆಯ ಪುಟದತ್ತ ಬೆರಳು ತೋರಿಸಿ ಇದೇನು ಚಿತ್ರ ಎಂದರು. ಬಾವುಟದ ಕಟ್ಟೆ, ಎಂದೆ. ಪಾರ್ಕಿನ ಬಯಲಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆಯಲ್ಲ, ಸೋಮವಾರ ಅದನ್ನು ಕಿತ್ತು ಅಲ್ಲಿ ಕಟ್ಟುತ್ತಾರೆ, ಎಂದೆ.

"ಅದು ಕಲ್ಲಲ್ಲ ಮೇಡಮ್ಮ. ನಮ್ ಮಾವನ ಅಪ್ಪ."

ಹಳ್ಳಿಯ ಮನೆತನಗಳಲ್ಲಿ ಹಿರಿಯರನ್ನು ತಮ್ಮ ಹೊಲದ ಉಳದ ಅಂಚಿನಲ್ಲೇ ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ನಿಲ್ಲಿಸುವ ರೂಢಿಯಿತ್ತು. ಅಕ್ಷರವಿಲ್ಲ, ಕೆತ್ತನೆಯಿಲ್ಲ; ಮನೆಯವರಿಗೆ ಗೊತ್ತಿದ್ದರೆ ಸಾಕಿತ್ತು. ಹೊಲ ಬಡಾವಣೆಯಾಯಿತು, ಕಲ್ಲಿದ್ದ ಜಾಗ ಅದೃಷ್ಟವಶಾತ್ ಪಾರ್ಕಿಗೆ ಬಂತು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ವಾಕಿಂಗಿನವರು ಬರುವ ಮೊದಲು, ಗೌರಮ್ಮ ಬಂದು ನೀರು ಹಾಕಿ, ಹೂವಿಟ್ಟು, ಎಡೆ ಇಟ್ಟು ಹೋಗುತ್ತಾರಂತೆ. ಯಾರಿಗೂ ತೊಂದರೆಯಾಗಬಾರದೆಂದು ಎಲೆಯನ್ನು ತಾವೇ ಎತ್ತಿಕೊಂಡು ಹೋಗುತ್ತಾರಂತೆ. ಅದಕ್ಕೇ ನಮಗೆ ಯಾರಿಗೂ ಗೊತ್ತಾಗಿಲ್ಲ.

ನನಗೆ ನೆನಪಾದದ್ದು ಬೇರೆ. ಹನ್ನೊಂದು ವರ್ಷದಿಂದ ದಿನವೂ ಬೆಳಗ್ಗೆ ಆ ಕಲ್ಲಿನ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟುತ್ತಿದ್ದೇನೆ. ಎತ್ತರ ಸರಿಯಾಗಿದೆ, ನಡು ಬಗ್ಗಿಸಬೇಕಿಲ್ಲ. ನಾನೊಬ್ಬಳೇ ಅಲ್ಲ, ಅರ್ಧ ಬಡಾವಣೆ ಅಲ್ಲೇ ಲೇಸು ಕಟ್ಟುತ್ತದೆ. ಗೌರಮ್ಮನಿಗೆ ಇದನ್ನು ಹೇಳಬೇಕೇ ಬೇಡವೇ ಎಂದು ಯೋಚಿಸುತ್ತಿರುವಾಗ ಅವರೇ ಹೇಳಿದರು: "ಕಾಲಿಡೋದು ನೋಡಿದೀನಿ. ಇಟ್ರೆ ಇಡ್ಲಿ. ತಾತ ಎಮ್ಮೆ ಕರುಗಳನ್ನೇ ತಲೆ ಮೇಲೆ ಹತ್ತುಸ್ಕೊಂಡಿದ್ನಂತೆ. ಕೀಳೋದು ಬೇಡ ಅನ್ನಿ, ಅಷ್ಟೇ."

ಕನ್ನಡದಲ್ಲಿ ವಸಾಹತು ಎಂಬುದೊಂದು ಪದವಿದೆ. ಬಂದು ನೆಲೆಸುವುದಕ್ಕೂ ಅದೇ, ಬಂದು ಆಳುವುದಕ್ಕೂ ಅದೇ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಆ ಪದ ಹೇಳುವುದಿಲ್ಲ. ಬಹುಶಃ ನೆಲೆಸಿದವರಿಗೂ ಆ ಗೆರೆ ದಾಟಿದ್ದು ಆಗ ತಿಳಿದಿರಲಿಕ್ಕಿಲ್ಲ. ಹಳಬರು ಬಡಾವಣೆಯನ್ನು ಎಕ್ಸ್‌ಟೆನ್ಷನ್ ಎನ್ನುತ್ತಿದ್ದರು. ಹಿಗ್ಗಬೇಕಾದರೆ ಮೊದಲು ಏನೋ ಒಂದು ಇದ್ದಿರಲೇಬೇಕು. ಅಂದರೆ ನಮ್ಮ ವಾಸಸ್ಥಳದ ಹೆಸರೇ ಶ್ರೀಧರಮೂರ್ತಿಯವರ ಮೊದಲ ಸಾಲನ್ನು ಅಲ್ಲಗಳೆಯುತ್ತಿತ್ತು. ಪತ್ರಿಕೆಯಲ್ಲಿ ನಾನು ಕಿರಿಯರಿಗೆ ಹೇಳುತ್ತಿದ್ದುದು ಒಂದೇ ಪಾಠ: 'ಎಲ್ಲ', 'ಯಾರೂ', 'ಏನೂ' ಎಂಬ ಪದಗಳು ಕಂಡಲ್ಲಿ ನಿಲ್ಲು, ಹೇಳಿದವರು ಯಾರು, ಎಲ್ಲಿ ನಿಂತು ನೋಡಿದರು ಎಂದು ಕೇಳು. ನಿವೃತ್ತಳಾದ ಮೇಲೆ ಆ ಪಾಠ ನನಗೂ ಅನ್ವಯಿಸುತ್ತದೆಂಬುದನ್ನು ಮರೆತಿದ್ದೆ.

ಸಂಜೆ ಶ್ರೀಧರಮೂರ್ತಿಯವರ ಮನೆಗೆ ಹೋದೆ. ವಿಷಯ ಹೇಳಿದೆ. ಅವರು ಫೈಲು ತೆಗೆದರು.

"ಮೇಡಂ, ಹಳೇ ರೆಕಾರ್ಡ್ಸ್ ಎಲ್ಲಾ ನನ್ಹತ್ರ ಇದೆ. ಆ ಜಾಗ ಖರಾಬು ಅಂತಿದೆ. ಸಮಾಧಿ ಅಂತ ಎಲ್ಲೂ ಇಲ್ಲ."

ಖರಾಬು ಎಂದರೆ ಸಾಗುವಳಿಗೆ ಬಾರದ ಜಮೀನು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಕಾಲದಲ್ಲಿ ಸರಪಣಿ ಹಿಡಿದು ಹೊಲ ಅಳೆಯುವ ಸರ್ವೆ ಈ ಕಡೆ ಶುರುವಾಯಿತು. ಉತ್ತದ್ದು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಕಂದಾಯ ಹುಟ್ಟದ ನೆಲ ಬರವಣಿಗೆಯಲ್ಲಿ ಕೆಟ್ಟ ನೆಲವಾಯಿತು. ದನ ಮೇಯುವುದು, ಹಿರಿಯರು ಮಲಗುವುದು, ಇವಕ್ಕೆ ಆ ಕಾಗದದಲ್ಲಿ ಕಾಲಂ ಇರಲಿಲ್ಲ. ಅಳೆದವರು ಹೊರಟು ಹೋದರು, ದೇಶ ಸ್ವತಂತ್ರವಾಯಿತು, ಆ ಪದ ಮಾತ್ರ ಕೆಲಸ ಬಿಡದೆ ಉಳಿದುಕೊಂಡಿದೆ.

"ಸತ್ತೋರು ರೆಕಾರ್ಡಲ್ಲಿ ಇರೋದಿಲ್ಲ ಸಾರ್," ಎಂದೆ. "ನಿಮ್ ಮೊದಲನೇ ಸಾಲೂ ಸ್ವಲ್ಪ ನೋಡ್ಬೇಕು."

ಅವರಿಗೆ ನಿಜವಾಗಿ ಬೇಸರವಾಯಿತು. "ಅದ್ರಲ್ಲಿ ಏನ್ ಸುಳ್ಳಿದೆ? ನಾನೇ ಮೊದಲನೇ ಮನೆ ಕಟ್ಟಿದ್ದು. ನಲವತ್ತು ವರ್ಷದ ಹಿಂದೆ ಇಲ್ಲಿ ರಸ್ತೆ ಇಲ್ಲ, ಲೈಟಿಲ್ಲ, ಬಸ್ಸಿಗೆ ಜಯನಗರದ ಕಡೆಗೆ ನಡೀಬೇಕು. ಮನೆ ಮುಂದೆ ಹಾವು. ಇವಳು ದಿನಾ ಅಳ್ತಿದ್ಲು."

"ದಿನಾ ಏನಿಲ್ಲ," ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಹಾವು ಬಂದ ದಿನ ಮಾತ್ರ."

ಅವರದೂ ಸುಳ್ಳಲ್ಲ. ಬಂದವನ ಕಷ್ಟ ದೊಡ್ಡದು. ತನ್ನ ಕಷ್ಟದ ಎತ್ತರದಿಂದ ನೋಡಿದಾಗ ಸುತ್ತಲಿನದು ಬರಿದಾಗಿ ಕಾಣುತ್ತದೆ. ದೂರದ ನಾಡುಗಳಿಗೆ ಹಡಗು ಹತ್ತಿ ಹೋಗಿ ನೆಲೆಸಿದವರು ಮನೆಗೆ ಬರೆದದ್ದೂ ಇದೇ ಬಗೆಯ ಸಾಲು. ನಾನು ವಾದಿಸಲಿಲ್ಲ. ವರದಿಗಾರರು ಬರೆದು ತಂದದ್ದರಲ್ಲಿ ಬಿಟ್ಟುಹೋದದ್ದನ್ನು ಕೇಳುವ ಹಳೆಯ ಅಭ್ಯಾಸದಿಂದ ಒಂದು ಪ್ರಶ್ನೆ ಕೇಳಿದೆ.

"ನೀರು ಎಲ್ಲಿಂದ ತರ್ತಿದ್ರಿ ಸಾರ್?"

"ನೀರಾ? ಕಾರ್ಪೊರೇಷನ್ ನೀರೆಲ್ಲಿ ಆಗ. ಗೌರಮ್ಮನ ಅತ್ತೆ ಇದ್ರು, ಅವರ ಬಾವಿಯಿಂದ. ಎರಡು ವರ್ಷ ಅದೇ ನೀರು. ಇವಳು ಬಸುರಿ ಇದ್ದಾಗ ಆಯಮ್ಮ ತಾನೇ ಬಿಂದಿಗೆ ಹೊತ್ಕೊಂಡು ಬಂದು..."

ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡವರಂತೆ ಕನ್ನಡಕ ತೆಗೆದು ಒರೆಸಿದರು.

"ಹೂಂ," ಎಂದರು. "ಬಾವಿ ಇತ್ತು."

ಮಾರನೆಯ ದಿನ ಬೆಳಗ್ಗೆ ಅವರು ಟೇಪು ಹಿಡಿದು ಪಾರ್ಕಿನಲ್ಲಿದ್ದರು. ಕಟ್ಟೆ ಒಂಬತ್ತು ಅಡಿ ಪೂರ್ವಕ್ಕೆ ಸರಿಯಿತು. ಸರಿಸುವುದಕ್ಕೆ ಸಮಿತಿಗೆ ಅವರು ಕೊಟ್ಟ ಕಾರಣ ಒಳಚರಂಡಿಯ ಪೈಪು. ಎಂಜಿನಿಯರುಗಳ ಮಾತಿಗೆ ಎದುರಾಡುವ ಧೈರ್ಯ ನಮ್ಮ ಸಮಿತಿಗಿಲ್ಲ. ಕಲ್ಲಿಗೊಂದು ಫಲಕ ಹಾಕಿಸೋಣ ಎಂದೂ ಅವರು ಮುಂದಾದರು, ಗೌರಮ್ಮ ಒಪ್ಪಲಿಲ್ಲ.

"ಏನಂತ ಬರೀತೀರ? ಹೆಸ್ರು ನಂಗೂ ಗೊತ್ತಿಲ್ಲ. ಮಾವ ಅಪ್ಪಯ್ಯ ಅಂತಿದ್ರು, ನಾವು ತಾತ ಅಂತೀವಿ. ನಿಮ್ ಪಾಡಿಗೆ ನೀವು ಓಡಾಡ್ಕೊಂಡಿರಿ ಸಾರ್, ಅವನಿಗೂ ಬೇಜಾರಾಗಲ್ಲ."

ಎರಡನೆಯ ಪುಟದ ಮೊದಲ ಸಾಲನ್ನು ಶ್ರೀಧರಮೂರ್ತಿಯವರೇ ತಿದ್ದಿಕೊಟ್ಟರು: "ನಾವು ಬಂದಾಗ ಇಲ್ಲಿ ಒಂದು ಬಾವಿ ಇತ್ತು; ಎರಡು ವರ್ಷ ಅದರ ನೀರು ಕುಡಿದೆವು." ಉದ್ಗಾರ ಚಿಹ್ನೆ ಇರಲಿಲ್ಲ. ನಾನು ಒಂದಕ್ಷರವನ್ನೂ ಮುಟ್ಟಲಿಲ್ಲ. ಆ ಬಾವಿ ಈಗಿಲ್ಲ. ಅದರ ಮೇಲೆ ಔಷಧಿ ಅಂಗಡಿಯಿದೆ.

ಉಳಿದದ್ದು ನನ್ನ ಪುಟ. ನದಿಗಳ ದಂಡೆಗೆ ಜನ ಬಂದು ನೆಲೆಸಿದರು ಎಂದು ನಾನೂ ಬರೆದಿದ್ದೆನಲ್ಲ. ಯಾವ ಜನ, ಎಲ್ಲಿಂದ, ಯಾವಾಗ ಎಂಬುದರ ಬಗ್ಗೆ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಆ ಜಗಳ ಬಿಡಿಸುವ ಯೋಗ್ಯತೆ ನನಗಿಲ್ಲ. ಆದರೆ ಪುಟದ ಮೊದಲಿಗೆ ಹೊಸದೊಂದು ಸಾಲು ಸೇರಿಸಿದೆ: "ಯಾರು ಬಂದಾಗಲೂ ಇಲ್ಲಿ ಯಾರೋ ಇದ್ದರು." ಅಷ್ಟಕ್ಕೆ ಜಾಗ ಮಾಡಲು ಒಬ್ಬ ಗವರ್ನರ್ ಜನರಲ್ ಹೊರಗೆ ಹೋಗಬೇಕಾಯಿತು. ಅವನ ಬಗ್ಗೆ ಬೇರೆಡೆ ಸಾಕಷ್ಟು ಬರೆದಿದ್ದಾರೆ.

ಇಪ್ಪತ್ತಾರರ ಬೆಳಗ್ಗೆ ಹೊಸ ಕಟ್ಟೆಯ ಮೇಲೆ ಬಾವುಟ ಅರಳಿತು. ಒಳಗೆ ಮಡಿಸಿಟ್ಟಿದ್ದ ಸೇವಂತಿಗೆ ಎಸಳುಗಳು ತಾತನ ಕಲ್ಲಿನ ಮೇಲೆ ಬಿದ್ದವು ಎಂದು ಬರೆಯುವ ಆಸೆ ನನಗೂ ಇದೆ. ಗಾಳಿ ಇನ್ನೊಂದು ದಿಕ್ಕಿಗಿತ್ತು, ಎಸಳು ಬಿದ್ದದ್ದು ಸ್ಪೀಕರಿನ ಮೇಲೆ. ರಾಷ್ಟ್ರಗೀತೆಗೆ ಎಲ್ಲರೂ ನೆಟ್ಟಗೆ ನಿಂತರು. ಗೌರಮ್ಮ ಕಲ್ಲಿನ ಪಕ್ಕದಲ್ಲಿ ನಿಂತಿದ್ದರು. ನಾನು ಈಗ ಲೇಸು ಕಟ್ಟುವುದು ಸಿಮೆಂಟು ಬೆಂಚಿನ ಮೇಲೆ. ಅದು ತಗ್ಗು, ನಡು ಬಗ್ಗಿಸಬೇಕು.

ವಾರದ ಮೇಲೆ, ಅವರೆಯ ಕಾಲ ಮುಗಿಯುತ್ತ ಬಂದಾಗ, ಇನ್ನೊಮ್ಮೆ ಹಿತಕಲು ಕೂತೆವು. ಹಂಚಿ ಉಳಿದ ಸಂಚಿಕೆಗಳ ಕಟ್ಟು ಮನೆಯಲ್ಲಿತ್ತು. ಒಂದನ್ನು ಬಿಡಿಸಿ ಹಾಸಿದೆ. ಗೌರಮ್ಮ ಕೈಯಲ್ಲಿ ಸಿಪ್ಪೆ ಹಿಡಿದು ಕಾಗದವನ್ನು ನೋಡಿದರು.

"ಬಾವಿ ಎಲ್ಲೈತೆ?"

ಬೆರಳಿಟ್ಟು ಎರಡನೆಯ ಪುಟದ ಮೊದಲ ಸಾಲು ತೋರಿಸಿದೆ. ಅವರು ಆ ಜಾಗವನ್ನು ಒಮ್ಮೆ ಸೆರಗಿನಿಂದ ಒರೆಸಿದರು, ಸಿಪ್ಪೆಯನ್ನು ಅದರ ಕೆಳಗೆ, ಬಡಾವಣೆಯ ಉಳಿದ ಚರಿತ್ರೆಯ ಮೇಲೆ ಹಾಕಿದರು. ನಾನೂ ಅಲ್ಲೇ ಹಾಕಿದೆ. ಬೋಗುಣಿ ತುಂಬಿತು, ಸಿಪ್ಪೆಯ ಗುಡ್ಡೆ ಬೆಳೆಯಿತು, ಕಾಗದವೆಲ್ಲ ನೆನೆಯಿತು; ಮೇಲಿನ ಒಂದು ಸಾಲು ಕೊನೆಯವರೆಗೂ ಒಣಗಿಯೇ ಇತ್ತು.