ದಿಲ್ಲಿ ಸುತ್ತಿ ಬಂದ ಬಂದೂಕಿನ ಅರ್ಜಿ

ನಮ್ಮ ಅಪ್ಪನ ಪ್ರಕಾರ ಸರಕಾರ ಎಂದರೆ ಒಂದೇ, ಅದು ದಿಲ್ಲಿಯಲ್ಲಿರುವುದು. ಹದಿನೇಳು ವರ್ಷ ಮಿಲಿಟರಿಯಲ್ಲಿ ಅದರ ಅನ್ನ ತಿಂದವರು. ರಾಜ್ಯ ಸರಕಾರ ಎಂಬುದು ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬಿಡಲು ಮಾಡಿಕೊಂಡ ಏರ್ಪಾಡು ಎಂದು ದೃಢವಾಗಿ ನಂಬಿದ್ದರು. ಬಾಗಲಕೋಟೆ ಬಿಟ್ಟು ಹೈದರಾಬಾದಿಗೆ ನನ್ನ ಜೊತೆ ಬಂದ ಮೇಲೂ ಆ ನಂಬಿಕೆ ಅಲುಗಲಿಲ್ಲ.

ಊರಿನ ಪಶ್ಚಿಮಕ್ಕೆ ಒಂದಾದ ಮೇಲೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಂಥದ್ದೊಂದರಲ್ಲಿ ಕೂತು ಸಾಫ್ಟ್‌ವೇರ್ ಬಳಸುವ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಅಪ್ಪನಿಗೆ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಕೆಲಸ. ಸ್ವಂತ ಲೈಸೆನ್ಸ್ ಬಂದೂಕು ಇದ್ದವರಿಗಷ್ಟೇ ಕೊಡುವಂಥದ್ದು. ಅವ್ವ ತೀರಿಕೊಂಡ ಮೇಲೆ ಮೂಲೆ ಹಿಡಿದು ಕೂತಿದ್ದ ಮನುಷ್ಯ, ಆ ಕೆಲಸ ಸಿಕ್ಕಿತೆಂದೇ ಮತ್ತೆ ಎದ್ದು ಓಡಾಡತೊಡಗಿದ್ದು. ಅದು ಹೋದರೆ ಗತಿಯೇನು ಎಂಬ ಭಯ ನನಗೆ ಯಾವಾಗಲೂ ಇತ್ತು.

ಚುನಾವಣೆ ಬಂತು. ಚುನಾವಣೆ ಮುಗಿಯುವ ತನಕ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಯಲ್ಲಿಡಬೇಕೆಂಬುದು ಪ್ರತಿ ಸಲದ ಪದ್ಧತಿ. ಬ್ಯಾಂಕಿನ ಕಾವಲುಗಾರರಿಗೆ ವಿನಾಯಿತಿ ಇತ್ತು ನಿಜ. ಆದರೆ ಠಾಣೆಯ ಪಟ್ಟಿಯಲ್ಲಿ ಇದ್ದದ್ದು ಇಲ್ಲಿಯ ಲೈಸೆನ್ಸಿನವರ ಹೆಸರು ಮಾತ್ರ. ಅಪ್ಪನದು ಕರ್ನಾಟಕದಲ್ಲಿ ಕೊಟ್ಟದ್ದು, ಇಡೀ ದೇಶಕ್ಕೆ ಚಾಲ್ತಿ ಎಂಬ ಮುದ್ರೆ ಇದ್ದದ್ದು. ಇನ್ಸ್‌ಪೆಕ್ಟರ್ ಹೆಂಡತಿಯ ತವರು ಬೀದರಿನ ಕಡೆ, ಹಾಗಾಗಿ ಜಗಳ ಕನ್ನಡದಲ್ಲೇ ನಡೆಯಿತು.

“ಕಾಯ್ದೆ ದಿಲ್ಲೀದು, ಮುದ್ರಿ ದೇಶದ್ದು. ಕಸಗೊಳ್ಳಾಕ ನೀವ್ಯಾರ್ರಿ?” ಅಂದರು ಅಪ್ಪ.

“ದಿಲ್ಲಿ ದಿಲ್ಲ್ಯಾಗ ಐತಿ ಯಜಮಾನ್ರ. ಠಾಣೆ ಇಲ್ಲೈತಿ. ಇಡ್ರಿ ಬಂದೂಕ.”

ಇಟ್ಟು ಬಂದರು. ಬಂದೂಕಿಲ್ಲದ ಗನ್‌ಮ್ಯಾನ್ ಯಾತಕ್ಕೆ ಎಂದು ಬ್ಯಾಂಕಿನ ಮ್ಯಾನೇಜರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಆಮೇಲೆ ಬೇರೆಯವರನ್ನು ನೇಮಿಸುತ್ತಾರಂತೆ. ಮತ ಎಣಿಕೆ ಅದಕ್ಕೂ ಆಚೆಗಿತ್ತು. ಅಪ್ಪ ಯೂನಿಫಾರ್ಮ್ ತೊಟ್ಟು ಬಾಗಿಲಲ್ಲಿ ಬರಿಗೈಯಲ್ಲಿ ನಿಂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು. ಆ ಗತ್ತು ನೋಡಿ ಜನ ಇವರೇ ಮ್ಯಾನೇಜರ್ ಎಂದುಕೊಂಡು, ಚೆಕ್‌ಬುಕ್ ಯಾಕೆ ತಡವಾಯಿತು ಎಂದು ತರಾಟೆಗೆ ತೆಗೆದುಕೊಳ್ಳತೊಡಗಿದರು. ಅಪ್ಪ ಮನೆಗೆ ಬಂದು ಇದನ್ನು ನಗುತ್ತ ಹೇಳುತ್ತಿದ್ದರು, ಊಟ ಮಾತ್ರ ಅರ್ಧಕ್ಕೇ ಬಿಡುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಹೇಳುತ್ತ ಹೋದರು, ನಾನು ದಿಲ್ಲಿಗೆ ಅರ್ಜಿ ಬರೆದೆ. ಕೈಗೆ ಅಂಟಿದ ಅಭ್ಯಾಸ ಎಲ್ಲಿ ಹೋಗುತ್ತದೆ? ಹಂತ ಒಂದು, ಲೈಸೆನ್ಸ್ ತೆರೆಯಿರಿ. ಹಂತ ಎರಡು, ಮುದ್ರೆಯನ್ನು ಓದಿರಿ. ಹಂತ ಮೂರು, ಬಂದೂಕನ್ನು ಮಾಲೀಕನಿಗೆ ಮರಳಿಸಿರಿ. ಮೂರು ಹಂತಗಳಲ್ಲಿ ಕೇಂದ್ರ-ರಾಜ್ಯ ಸಮಸ್ಯೆಯನ್ನು ಬಗೆಹರಿಸಿದ ಹೆಮ್ಮೆಯಲ್ಲಿ ನಾನೇ ಆಫೀಸಿನಿಂದ ಫ್ಯಾಕ್ಸ್ ಮಾಡಿದೆ.

ದಿಲ್ಲಿ ಅಷ್ಟು ಬೇಗ ಅಲುಗೀತೆಂದು ನಾನು ಎಣಿಸಿರಲಿಲ್ಲ. ಅಲುಗಿತು. ಮುಂದಿನ ಕ್ರಮಕ್ಕಾಗಿ ಎಂದು ಬರೆದು ರಾಜ್ಯಕ್ಕೆ ಕಳಿಸಿತು. ರಾಜ್ಯದವರು ಅದನ್ನೇ ಬರೆದು ಕಮಿಷನರ್ ಕಚೇರಿಗೆ, ಅವರು ಅದನ್ನೇ ಬರೆದು ಕೆಳಗೆ. ಕೊನೆಗೆ ಅರ್ಜಿ ಬಂದು ಬಿದ್ದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆ, ಅದೇ ಇನ್ಸ್‌ಪೆಕ್ಟರ ಮೇಜಿನ ಮೇಲೆ. ಗಡುವಿಗೆ ಎರಡು ದಿನವಿದ್ದಾಗ ಅಪ್ಪನಿಗೆ ಠಾಣೆಯಿಂದ ಕರೆ ಬಂತು, ನಾನೂ ಜೊತೆಗೆ ಹೋದೆ.

“ನನ್ನ ಮ್ಯಾಲಿನ ಕಂಪ್ಲೇಂಟ್ ನನಗ ಬಂದೈತಿ ನೋಡ್ರಿ. ಜಾಂಚ್ ಮಾಡಿ ರಿಪೋರ್ಟ್ ಕೊಡಂತ” ಎಂದು ಇನ್ಸ್‌ಪೆಕ್ಟರ್ ಕಾಗದ ಎತ್ತಿ ತೋರಿಸಿದರು. “ಇಂಥಾ ಜಬರದಸ್ತ್ ಇಂಗ್ಲಿಷಿಗೆ ಜವಾಬು ಬರಿಯೋರು ನಮ್ಮ ಠಾಣ್ಯಾಗ ಇಲ್ರಿ. ಬರದವ್ರು ಯಾರು?”

ಅಪ್ಪ ಹೆಮ್ಮೆಯಿಂದ ನನ್ನತ್ತ ಬೆರಳು ಮಾಡಿದರು. ಅಂಥ ಹೊತ್ತಿನಲ್ಲೂ!

“ಹಂಗಾರ ಜವಾಬೂ ನೀವ ಬರೀರಿ, ತಂಗಿ. ಪಟ್ಟಿಗೆ ಹೆಸರು ಸೇರಸ್ತೀನಿ, ಬಂದೂಕ ಈಗ ಒಯ್ರಿ. ಆದ್ರ ಒಂದು ಲೈನ್ ಬೇಕು. ಠಾಣೆ ಹುಕುಂ ಸರಿ ಐತಿ, ನಂದ ತಪ್ಪು ಅಂತ ಯಜಮಾನ್ರು ಒಪ್ಪ್ಯಾರ ಅಂತ. ಕೆಳಗ ಅವರ ಸಹಿ.”

“ಆಗೂದಿಲ್ಲ. ನೌಕರಿ ಹೋದ್ರ ಹೋಗ್ಲಿ” ಎಂದು ಅಪ್ಪ ಅಟೆನ್ಶನ್ನಿಗೆ ನಿಂತುಬಿಟ್ಟರು.

ನಾನು ಅವರ ಮುಖ ನೋಡದೆ ಬರೆಯಲು ಕೂತೆ. ನಾಚಿಕೆಯ ಸಂಗತಿಯೆಂದರೆ, ವಾಕ್ಯ ಬಹಳ ಸಲೀಸಾಗಿ ಬಂತು. ರಾಜ್ಯದ ಅಧಿಕಾರ, ಸ್ಥಳೀಯ ಪರಿಸ್ಥಿತಿ, ಅರ್ಜಿದಾರರ ತಪ್ಪು ತಿಳಿವಳಿಕೆ, ಎಲ್ಲವೂ ತಂತಮ್ಮ ಜಾಗದಲ್ಲಿ ಕೂತವು. ಇನ್ಸ್‌ಪೆಕ್ಟರಿಗೆ ಎಷ್ಟು ಇಷ್ಟವಾಯಿತೆಂದರೆ ನಮಗೆ ಚಹಾ ತರಿಸಿದರು.

“ಅಪ್ಪಾ, ಸಹಿ ಮಾಡ್ರಿ” ಎಂದೆ.

ಅಪ್ಪ ಅದನ್ನು ಎರಡು ಸಲ ಓದಿದರು. ಬಳಿಕ ಪೆನ್ನು ಕೇಳಿದರು. ಪೂರ್ತಿ ಹೆಸರು ಬರೆದು, ಅಡಿಯಲ್ಲಿ ತಮ್ಮ ಮಿಲಿಟರಿ ನಂಬರನ್ನೂ ಹಾಕಿದರು.

ಠಾಣೆಯ ಮೆಟ್ಟಿಲಿಳಿದ ಮೇಲೆ ಬಂದೂಕನ್ನು ಹೆಗಲಿಗೇರಿಸಿ, “ದಿಲ್ಲಿ ಅರ್ಜಿಗಿಂತ ಇದನ್ನ ಭಾಳ ಚಲೋ ಬರದಿ, ಯವ್ವಾ. ಓದಿದ್ರ ನನಗೂ ನಂದ ತಪ್ಪು ಅನಸಾಕತ್ತಿತು” ಎಂದರು.

ಆಫೀಸಿಗೆ ಹೊತ್ತಾಯಿತು ಎಂದು ಹೇಳಿ ನಾನು ಆಟೋ ಹತ್ತಿದೆ. ಅವರು ಹೋಗಿ ಬಾ ಎಂದರು. ಅವತ್ತು ಭಾನುವಾರವೆಂದು ಇಬ್ಬರಿಗೂ ಗೊತ್ತಿತ್ತು.