ಹಸುವಿನ ಪ್ರಶ್ನೆಗೆ ಕುರಿಯ ಉತ್ತರ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನು ರೀಡರ್ ಆಗಿದ್ದೆ. ಬೇರೆಯವರು ಕಟ್ಟಿದ ಹುಡುಕಾಟದ ವ್ಯವಸ್ಥೆ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಅಳೆಯುವುದು ನನ್ನ ಸಂಶೋಧನೆ. ಇಂಥ ಕೆಲಸದವನನ್ನು ಜನ ಮದುವೆ ಊಟದಲ್ಲಿ ಉಪ್ಪು ಕಡಿಮೆ ಎನ್ನುವವನ ಹಾಗೆ ನೋಡುತ್ತಾರೆ.

ನಾಗಮಂಗಲದ ಕಡೆಯ ವಿಜಯಾ ನಮ್ಮಲ್ಲಿ ತಾತ್ಕಾಲಿಕ ಹುದ್ದೆಯಲ್ಲಿದ್ದಳು. ಕೃಷಿ, ಪಶುಪಾಲನೆಯ ಕರಪತ್ರಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ, ರೈತರ ಪ್ರಶ್ನೆಗೆ ತಕ್ಕ ಭಾಗವನ್ನು ಅದೇ ಆರಿಸಿ ಕೊಡುವಂಥ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ಕಟ್ಟಿದ್ದಳು. ಅದನ್ನು ಅಳೆದು, ಹಣ ಕೊಟ್ಟವರಿಗೆ ನಾನು ಕಳಿಸುವ ವರದಿ ಚೆನ್ನಾಗಿ ಬಂದರೆ ಈ ಯೋಜನೆಯೂ ಅವಳ ಕೆಲಸವೂ ಉಳಿಯುತ್ತಿದ್ದವು. ಇಲ್ಲದಿದ್ದರೆ ಎರಡೂ ಇಲ್ಲ.

ಕರೆಂಟನ್ನು ನಂಬಿ ಹಳ್ಳಿಗೆ ಕಂಪ್ಯೂಟರ್ ಹೊರುವ ಹಾಗಿರಲಿಲ್ಲ. ರೈತರ ಪ್ರಶ್ನೆಗಳನ್ನು ಬರೆದುಕೊಂಡು ಬಂದು, ಉತ್ತರಗಳನ್ನು ಮುದ್ರಿಸಿ, ಪಾಂಡವಪುರ, ಕೆ.ಆರ್. ಪೇಟೆಯ ಹಳ್ಳಿಗಳಿಗೆ ಮತ್ತೆ ಬಸ್ಸು ಹತ್ತುತ್ತಿದ್ದೆವು. ಬಂದ ಉತ್ತರವನ್ನು ಬಂದ ಹಾಗೇ ವಿಜಯಾ ಓದಬೇಕು, ಅದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳಿದವರು ಹೇಳಬೇಕು. ಹೋದಲ್ಲೆಲ್ಲ ಮಜ್ಜಿಗೆ ಸಿಕ್ಕಿತು, ಮೆಚ್ಚುಗೆಯೂ ಸಿಕ್ಕಿತು. ವಿಜಯಾಳ ಮುಖ ಅರಳುತ್ತಿತ್ತು. ಸುತ್ತಿ ಸುತ್ತಿ ಸಾಕಾಗಿದ್ದ ನನಗೆ, ಒಬ್ಬರೂ ತಪ್ಪು ಹೇಳದ್ದನ್ನು ಕಂಡು ಅನುಮಾನವೂ ಹತ್ತಿಕೊಂಡಿತು.

ಪಾಂಡವಪುರದ ಹತ್ತಿರ ಡೈರಿಗೆ ಹಾಲು ಹಾಕುವ ಜಯಮ್ಮ, ಹಸುವಿಗೆ ಕೆಚ್ಚಲುಬಾವು ಬಂದರೆ ಏನು ಮಾಡಬೇಕೆಂದು ಕೇಳಿದ್ದರು. ಕಂಪ್ಯೂಟರು ಕುರಿಯ ಕಾಲುಬಾವಿನ ಕರಪತ್ರವನ್ನು ಆರಿಸಿತ್ತು. ವಿಜಯಾ ತಲೆ ಎತ್ತದೆ ಓದಿ ಮುಗಿಸಿದಳು.

“ಬೋ ಚೆನ್ನಾಗದೆ ಸಾ” ಎಂದರು ಜಯಮ್ಮ.

ನನಗೆ ತಡೆಯಲಾಗಲಿಲ್ಲ. “ಹಾಗಾದರೆ ನಾಳೆ ನಿಮ್ಮ ಹಸುವಿಗೆ ಇದನ್ನೇ ಮಾಡುತ್ತೀರಾ?”

“ಅಯ್ಯೋ ಬುಡಿ ಸಾ! ಇದ ನಂಬ್ಕೊಂಡು ಕೂತ್ರೆ ಕೆಚ್ಚಲು ಕೆಟ್ಟೋಯ್ತದೆ. ಡಾಕ್ಟ್ರನ್ನ ಕರಸ್ತೀನಿ.”

“ಮತ್ತೆ ಚೆನ್ನಾಗಿದೆ ಎಂದಿರಲ್ಲ?”

“ಆ ಹೆಣ್ಮಗ ಬಿಸ್ಲಲ್ಲಿ ನಡ್ಕೊಂಡ್ ಬಂದದೆ. ಮನೆಗ್ ಬಂದೋರ ಮುಂದೆ ಚೆನ್ನಾಗಿಲ್ಲ ಅನ್ನಕಾದದಾ, ನೀವೇ ಯೋಳಿ?”

ಅಷ್ಟು ದಿನದ ತಿರುಗಾಟ ನೀರಿನಲ್ಲಿ ಮಾಡಿದ ಹೋಮವಾಗಿತ್ತು. ಜನ ಯಂತ್ರವನ್ನು ಅಳೆದಿರಲಿಲ್ಲ, ಮನೆಗೆ ಬಂದವರನ್ನು ಆದರಿಸಿದ್ದರು. ಅದೇ ಮನೆಗಳಿಗೆ ಮತ್ತೆ ಹೋದೆವು. ಈ ಸಲ ಒಂದೇ ಪ್ರಶ್ನೆ: ನಿಮ್ಮ ಹೊಲಕ್ಕೆ, ನಿಮ್ಮ ಹಸುವಿಗೆ ಇದನ್ನು ಮಾಡುತ್ತೀರಾ? ಬಹುಪಾಲು ಜನ ಇಲ್ಲವೆಂದು ತಲೆ ಅಲ್ಲಾಡಿಸಿದರು.

ಹಿಂತಿರುಗುವಾಗ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತಿದ್ದೆವು. “ಮೊದಲಿನ ಫಲಿತಾಂಶ ಕಳಿಸಿದರೆ ನಿನ್ನ ಕೆಲಸ ಉಳಿಯುತ್ತೆ, ವಿಜಯಾ. ಯಾರೂ ಕೇಳುವುದಿಲ್ಲ” ಎಂದೆ. ಅವಳು ಹೂಂ ಎಂದಿದ್ದರೆ ಏನು ಮಾಡುತ್ತಿದ್ದೆನೋ ಇವತ್ತಿಗೂ ಹೇಳಲಾರೆ. ಅಷ್ಟು ದಣಿದಿದ್ದೆ.

ಅವಳು ಉತ್ತರದ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿದಳು. “ಹೊಸದನ್ನೇ ಕಳ್ಸಿ ಸಾರ್. ನಮ್ಮವ್ವನೂ ಹಸ ಕಟ್ಟವ್ಳೆ. ಮಗಳ ಕಂಪ್ಯೂಟ್ರು ಹೇಳ್ತು ಅಂದ್ರೆ ಡಾಕ್ಟ್ರನ್ನೂ ಕರೆಸ್ದೆ ನಂಬ್ಬುಡ್ತಾಳೆ.”

ಹೊಸದನ್ನೇ ಕಳಿಸಿದೆ. ಯೋಜನೆ ನಿಂತಿತು, ವಿಜಯಾ ಊರಿಗೆ ಹೋದಳು. ಆಮೇಲೆ ಎಷ್ಟೋ ವ್ಯವಸ್ಥೆಗಳನ್ನು ಅಳೆದೆ. ಉತ್ತರ ತಪ್ಪಾದರೆ ನಷ್ಟ ಯಾರಿಗೆ ಎಂದು ತಿಳಿಯದೆ ಯಾರ ಅಭಿಪ್ರಾಯವನ್ನೂ ಬರೆದುಕೊಳ್ಳಬಾರದೆಂದು ಕಲಿತಿದ್ದೆ. ಆ ಪಾಠದಿಂದ ನನಗೆ ಪ್ರೊಫೆಸರ್ ಹುದ್ದೆ ಬಂತು. ಅದರ ಬೆಲೆ ತೆತ್ತವಳು ವಿಜಯಾ.